ಮನೆ ಬರೆದುಕೊಡುವ ಮುನ್ನ



ಮೊದಲ ಶುಕ್ರವಾರ ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಕೊಂಡೊಯ್ಯುವ ನಮ್ಮಂಥವರಿಗೆ ಮನೆಗಳ ಒಳಕೋಣೆಯೂ ಕಾಣಸಿಗುತ್ತದೆ. ಹೆಚ್ಚಿನ ಕಡೆ ಹಿರಿಯರ ಆರೈಕೆ ಕಂಡು ಮನಸ್ಸು ತುಂಬಿ ಬರುತ್ತದೆ. ಕೆಲವೆಡೆ ಮಾತ್ರ, "ಹೇಗಿದ್ದೀರಿ ಅಜ್ಜಿ?" ಎಂದರೆ ಅಜ್ಜಿ ಉತ್ತರಿಸುವ ಮೊದಲು ಬಾಗಿಲ ಬಳಿ ನಿಂತವರ ಮುಖ ನೋಡುತ್ತಾರೆ. ಪಿಂಚಣಿ ಎಷ್ಟು ಬಂತೆಂದು ಅವರಿಗೇ ಗೊತ್ತಿಲ್ಲ, ಎಟಿಎಂ ಕಾರ್ಡು ಬೇರೆಯವರ ಕಿಸೆಯಲ್ಲಿ. ಹೊಡೆದರೆ ಮಾತ್ರ ಹಿಂಸೆ ಎಂದು ತಿಳಿಯಬೇಡಿ. ಮದ್ದು ಮುಗಿದರೂ ತರಿಸದಿರುವುದು, ಒಡೆದ ಕನ್ನಡಕವನ್ನು ತಿಂಗಳುಗಟ್ಟಲೆ ಬದಲಿಸದಿರುವುದು, ನೆಂಟರು ಬಂದಾಗ ಒಳಗೇ ಕೂರಿಸುವುದು, "ಆಶ್ರಮಕ್ಕೆ ಸೇರಿಸುತ್ತೇವೆ" ಎಂದು ಹೆದರಿಸುವುದು, ಇವೂ ಹಿಂಸೆಯೇ. (ಎಲ್ಲದಕ್ಕೂ ಸೊಸೆಯನ್ನು ದೂರುವ ಚಾಳಿ ಬೇಡ. ರಾತ್ರಿ ಎದ್ದು ನೀರು ಕೊಡುವವಳು ಅನೇಕ ಮನೆಗಳಲ್ಲಿ ಅವಳೊಬ್ಬಳೇ.)

ಈ ಕಷ್ಟದ ಬೇರು ಹಲವು ಸಲ ಒಂದು ಕಾಗದದಲ್ಲಿರುತ್ತದೆ. ಮಗ ಗಲ್ಫಿನಿಂದ ರಜೆಯಲ್ಲಿ ಬಂದಿರುತ್ತಾನೆ. ಬ್ಯಾಂಕಿನ ಸಾಲಕ್ಕೆ ಬೇಕೆಂದು ಮನೆ, ಅಡಿಕೆ ತೋಟ ಅವಸರದಲ್ಲಿ ಅವನ ಹೆಸರಿಗಾಗುತ್ತದೆ. ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ತೊಡಕು: ಆಧಾರ ಮಲಯಾಳದಲ್ಲಿದ್ದರೆ, ಕನ್ನಡ ಶಾಲೆಯಲ್ಲಿ ಕಲಿತ ತಾಯಿಗೆ ಅದರ ಒಂದಕ್ಷರವೂ ಓದಲು ಬಾರದು. ತೋರಿಸಿದಲ್ಲಿ ಸಹಿ ಹಾಕುತ್ತಾರೆ. ಅದು ದಾನಪತ್ರವೋ, ಮರಣಶಾಸನವೋ? ಮರಣಶಾಸನವನ್ನು ಬರೆದವರು ಬದುಕಿರುವ ತನಕ ಬದಲಿಸಬಹುದು. ದಾನಪತ್ರ ನೋಂದಣಿಯಾಗಿ ಮಗ ಸ್ವೀಕರಿಸಿದನೆಂದರೆ ಆಸ್ತಿ ಅವನದು. ಮನಸ್ಸು ಬದಲಾಯಿತೆಂದು ಹಿಂದೆ ಕೇಳುವಂತಿಲ್ಲ.

ತಂದೆ ತಾಯಿ ಮತ್ತು ಹಿರಿಯ ನಾಗರಿಕರ ರಕ್ಷಣೆಗಾಗಿ 2007ರಲ್ಲಿ ಬಂದ ಕಾಯಿದೆಯ 23ನೇ ಕಲಮು ಒಂದು ದಾರಿ ತೆರೆದಿದೆ. 'ನನ್ನನ್ನು ನೋಡಿಕೊಳ್ಳಬೇಕು' ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದಾಗ, ರದ್ದು ಮಾಡಿಸಬಹುದು. ಷರತ್ತು ಇರಬೇಕು ಎಂಬುದೇ ಇಲ್ಲಿನ ಕೀಲು. ಅದು ಆಧಾರದಲ್ಲೇ ಸ್ಪಷ್ಟವಾಗಿ ಬರೆದಿರಬೇಕೆಂದು ಕೇರಳ ಹೈಕೋರ್ಟಿನ ಪೂರ್ಣ ಪೀಠ 2020ರಲ್ಲಿ ಹೇಳಿತು. ಷರತ್ತಿಲ್ಲದೆ ಕೊಟ್ಟದ್ದಕ್ಕೆ ಈ ಕಲಮು ಅನ್ವಯಿಸದೆಂದು ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪಿತ್ತಿತು. 2025ರ ಜನವರಿಯಲ್ಲಿ ಅದೇ ಕೋರ್ಟು ಮಧ್ಯಪ್ರದೇಶದ ಒಬ್ಬ ತಾಯಿಯ ಆಸ್ತಿಯನ್ನು ಮರಳಿ ಕೊಡಿಸಿತು. ಅಲ್ಲಿ ದಾನಪತ್ರದ ಜೊತೆಗೆ, ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟ ಕಾಗದವೂ ಇತ್ತು. ಬಾಯಿಮಾತನ್ನೇ ನಂಬಿ ಸಹಿ ಹಾಕಿದವರಿಗೆ ಇದೇ ನ್ಯಾಯ ಸಿಗುವುದು ಕಷ್ಟ. ಆದ್ದರಿಂದ ಕೊಡಲೇಬೇಕಿದ್ದರೆ ಆ ಒಂದು ವಾಕ್ಯ ಬರೆಸಿ. ಬದುಕಿರುವ ತನಕ ಆ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಸೇರಿಸಿ. ಸಹಿಗೆ ಮುಂಚೆ, ಆಸ್ತಿಯಲ್ಲಿ ಪಾಲಿಲ್ಲದ ಯಾರಿಂದಾದರೂ ಪೂರ್ತಿ ಓದಿಸಿ ಕನ್ನಡದಲ್ಲಿ ಅರ್ಥ ಕೇಳಿಕೊಳ್ಳಿ.

"ಫಾದರ್, ಹೆತ್ತ ಮಗನ ಹತ್ತಿರ ಕರಾರು ಮಾಡಿಸಿಕೊಳ್ಳುವುದೇ?" ಎಂದು ಕೇಳುವವರಿದ್ದಾರೆ. ಪವಿತ್ರ ಕುಟುಂಬದ ಹಬ್ಬಕ್ಕೆ ಸಿರಾಖನ ಗ್ರಂಥದ 3ನೇ ಅಧ್ಯಾಯದಿಂದ ತಂದೆತಾಯಿಯರನ್ನು ಗೌರವಿಸುವ ಮಾತನ್ನು ಓದುತ್ತೇವೆ. ಅದೇ ಗ್ರಂಥದ 33ನೇ ಅಧ್ಯಾಯವನ್ನು ನಾವು ಗುರುಗಳೂ ಅಷ್ಟಾಗಿ ಪ್ರಸಂಗಕ್ಕೆ ತರುವುದಿಲ್ಲ. ಉಸಿರಿರುವ ತನಕ ಆಸ್ತಿಯನ್ನು ಕೈಬಿಡಬೇಡ, ನೀನು ಮಕ್ಕಳ ಕೈ ನೋಡುವುದಕ್ಕಿಂತ ಅವರು ನಿನ್ನ ಬಳಿ ಕೇಳುವುದೇ ಲೇಸು, ಹಂಚುವುದನ್ನು ಕೊನೆಗಾಲಕ್ಕೆ ಇಡು ಎಂಬುದು ಅಲ್ಲಿನ ಬುದ್ಧಿವಾದ. ಮಕ್ಕಳನ್ನು ಪ್ರೀತಿಸಬೇಡ ಎಂದು ಅಲ್ಲಿ ಎಲ್ಲೂ ಹೇಳಿಲ್ಲ. ಒಳ್ಳೆಯ ಮಗನಿಗೆ ಆ ವಾಕ್ಯದಿಂದ ನಷ್ಟವೇನೂ ಇಲ್ಲ. ಅದನ್ನು ಕೇಳಿದೊಡನೆ ಸಿಟ್ಟಾಗುವವನ ವಿಷಯದಲ್ಲಿ ಸಹಿಯನ್ನು ಸ್ವಲ್ಪ ದಿನ ಮುಂದೂಡುವುದು ಒಳ್ಳೆಯದು.

ಈಗಾಗಲೇ ಕಷ್ಟದಲ್ಲಿರುವವರು ಆರ್‌ಡಿಒ ಕಚೇರಿಯಲ್ಲಿರುವ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ವಕೀಲರು ಬೇಕೇಬೇಕೆಂದಿಲ್ಲ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಅದಕ್ಕಿದೆ. ಮಕ್ಕಳಿಲ್ಲದವರು, ತಮ್ಮ ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರಿಂದಲೂ ಕೇಳಬಹುದು. ಹಿರಿಯರಿಗಾಗಿ 14567 ಎಂಬ ಉಚಿತ ಸಹಾಯವಾಣಿಯಿದೆ. ಸ್ವತಃ ಓಡಾಡಲಾಗದವರ ಪರವಾಗಿ, ಅವರು ಒಪ್ಪಿಗೆ ಕೊಟ್ಟ ಯಾರಾದರೂ ಅರ್ಜಿ ಸಲ್ಲಿಸಬಹುದು. ವಾರ್ಡಿನ ಗುರಿಕಾರರು ಮುಂದಿನ ಭೇಟಿಯಲ್ಲಿ ಇದನ್ನು ಹಿರಿಯರೊಬ್ಬರೇ ಇರುವಾಗ ತಿಳಿಸಿ, ಮನೆಯವರೆಲ್ಲ ಸುತ್ತ ಕುಳಿತಿರುವಾಗ ಬೇಡ.