ಎತ್ತರದ ಕೆಲಸಕ್ಕೆ ಯಾವ ಬೆಲ್ಟು?

ಸುಣ್ಣಬಣ್ಣಕ್ಕೆ ಮಹಡಿ ಹತ್ತುವ ಕೂಲಿಕಾರನಿಗೆ, "ಎರಡು ದಿನದ ಕೆಲಸಕ್ಕೆ ಅದೆಲ್ಲ ಏಕೆ?" ಎನ್ನುವ ಮಾಲೀಕರಿದ್ದಾರೆ. ಕೊಡುವವರೂ ಬರಿಯ ಸೊಂಟದ ಬೆಲ್ಟು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಬಿದ್ದಾಗ ಅದು ಹೊಟ್ಟೆಯನ್ನೇ ಹಿಂಡುತ್ತದೆ. ತೊಡೆ, ಎದೆ, ಭುಜಗಳಿಗೆ ಭಾರ ಹಂಚುವ ಹಾರ್ನೆಸ್ಸನ್ನೇ, ಐ.ಎಸ್. 3521ರ ಗುರುತು ನೋಡಿ ಕೊಳ್ಳಬೇಕೆಂದು ನಾವು ಒತ್ತಾಯಿಸುತ್ತೇವೆ. ಆಳುಗಳು ಬದಲಾಗುವ ಕಡೆ, ಯಾರ ಮೈಗೂ ಹೊಂದಿಸಬಹುದಾದ ಬಕ್ಕಲುಗಳಿರಲಿ. ಬೆನ್ನಿನ ಉಂಗುರ ಬೀಳುವವನನ್ನು ಹಿಡಿಯಲಿಕ್ಕೆ. ಪಕ್ಕದ ಉಂಗುರಗಳು ಒರಗಿ ಕೆಲಸ ಮಾಡಲಿಕ್ಕೆ ಮಾತ್ರ.

ಹಗ್ಗವನ್ನು ತಲೆಗಿಂತ ಮೇಲೆ, ಗಟ್ಟಿ ತೊಲೆಗೆ ಬಿಗಿಯಬೇಕು, ಕಿಟಕಿಯ ಸರಳಿಗಲ್ಲ. ಬೀಳುವ ಹೊಡೆತವನ್ನು ತಗ್ಗಿಸುವ ಮಡಿಕೆಯುಳ್ಳ 2 ಮೀಟರ್ ಹಗ್ಗಕ್ಕೆ, ಕಟ್ಟಿದ ಜಾಗದಿಂದ ಕೆಳಕ್ಕೆ ಸುಮಾರು 6 ಮೀಟರ್ ತೆರಪು ಬೇಕು. ತಗ್ಗಿನ ಮಾಡಿನಲ್ಲಾದರೆ ಆಳು ನೆಲ ಸೇರಿದ ಮೇಲೆ ಅದು ಬಿಗಿದೀತು! ಅಲ್ಲಿ ಗಟ್ಟಿ ಅಟ್ಟಣಿಗೆಯೇ ಲೇಸು. ಇದಾವುದರ ಹಣವನ್ನೂ ಕೂಲಿಯಿಂದ ಮುರಿಯತಕ್ಕದ್ದಲ್ಲ.