ಉಮಾಶ್ರೀ ಯಾವಾಗ ‘ನಟಿ’ಯಾದರು?

ಸಿನಿಮಾ ಕುರಿತ ಗಂಭೀರ ಗೋಷ್ಠಿಗಳಲ್ಲಿ ಉಮಾಶ್ರೀ ಅವರ ಹೆಸರು ಬಂದಾಗಲೆಲ್ಲ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ‘ಕಾಮಿಡಿ ಮಾಡಿಕೊಂಡಿದ್ದವರು, ಗುಲಾಬಿ ಟಾಕೀಸ್‌ನಲ್ಲಿ ಎಂಥ ಅಭಿನಯ ಕೊಟ್ಟುಬಿಟ್ಟರು ನೋಡಿ!’ ಹೇಳುವವರ ದನಿಯಲ್ಲಿ ಮೆಚ್ಚುಗೆಯೇ ಇರುತ್ತದೆ. ಹಾಗಾಗಿ ಇದು ಅವಮಾನ ಎಂದು ಯಾರಿಗೂ ಅನ್ನಿಸುವುದಿಲ್ಲ. ನನಗೆ ಅನ್ನಿಸುತ್ತದೆ. ಈ ಮೆಚ್ಚುಗೆಯ ಹೊಟ್ಟೆಯಲ್ಲೊಂದು ಕಥೆಯಿದೆ: ದಾರಿ ತಪ್ಪಿದ್ದ ನಟಿಯೊಬ್ಬರನ್ನು ಕಲಾತ್ಮಕ ಸಿನಿಮಾ ಕೈಹಿಡಿದು ಉದ್ಧಾರ ಮಾಡಿತು ಎಂಬ ಕಥೆ. ಈ ಕಥೆ ಸುಳ್ಳು. ಇದನ್ನು ಹೇಳುವುದನ್ನು ನಾವು ನಿಲ್ಲಿಸಬೇಕು.

ಮೊದಲು ಲೆಕ್ಕ ನೋಡೋಣ. 1957ರಲ್ಲಿ ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ ಹುಟ್ಟಿದ ಉಮಾಶ್ರೀ, ಸಿನಿಮಾ ಪ್ರೇಕ್ಷಕರಿಗೆ ಪರಿಚಿತರಾದದ್ದು ಕಾಶೀನಾಥ್ ಅವರ ‘ಅನುಭವ’ದಿಂದ, 1984ರಲ್ಲಿ. ವೈದೇಹಿಯವರ ಕಥೆಯನ್ನಾಧರಿಸಿದ, ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ 2008ರದು. ಅದರ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಬಂತು. ನಡುವೆ 24 ವರ್ಷ. ಅಷ್ಟು ವರ್ಷ ಅವರಿಗೆ ಅಭಿನಯ ಬರುತ್ತಿರಲಿಲ್ಲವೆ? ಸಿಜಿಕೆ ನಿರ್ದೇಶನದ ‘ಒಡಲಾಳ’ ಕಂಡವರನ್ನು ಕೇಳಿ ನೋಡಿ. ದೇವನೂರ ಮಹಾದೇವ ಅವರ ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುವ ಮುದುಕಿ. ಹಸಿವು, ಸಿಟ್ಟು, ಮಮತೆ, ಬೈಗುಳ ಎಲ್ಲವೂ ಒಂದೇ ಉಸಿರಿನಲ್ಲಿ ಬರಬೇಕಾದ ಪಾತ್ರ ಅದು. ಮುದುಕಿಯಾಗುವ ವಯಸ್ಸಿಗೆ ಎಷ್ಟೋ ಮೊದಲೇ ಉಮಾಶ್ರೀ ಆ ಪಾತ್ರವನ್ನು ತಮ್ಮದಾಗಿಸಿಕೊಂಡಿದ್ದರು. ಕನ್ನಡ ರಂಗಭೂಮಿಯ ಮಾತು ಬಂದಾಗ ಇವತ್ತಿಗೂ ಸಾಕವ್ವನ ಮಾತು ಬಂದೇ ಬರುತ್ತದೆ. ಅಂದಮೇಲೆ 2008ರಲ್ಲಿ ಬೆಳಕಿಗೆ ಬಂದದ್ದು ಉಮಾಶ್ರೀ ಅವರ ಪ್ರತಿಭೆಯಲ್ಲ, ನಮ್ಮ ಚಿತ್ರರಂಗದ ಕುರುಡು.

ಆ ನಡುವಿನ ವರ್ಷಗಳಲ್ಲಿ ಚಿತ್ರರಂಗ ಅವರಿಗೆ ಕೊಟ್ಟದ್ದೇನು? ಎನ್.ಎಸ್. ರಾವ್ ಅವರ ಜೋಡಿಯಾಗಿ ದ್ವಂದ್ವಾರ್ಥದ ಹಾಸ್ಯ. ಬಜಾರಿ ಹೆಂಡತಿ, ಬಾಯಿಬಡುಕಿ ಮನೆಗೆಲಸದವಳು. ಆ ಸಂಭಾಷಣೆಗಳನ್ನು ನಾನು ಸಮರ್ಥಿಸುತ್ತಿಲ್ಲ, ಕೆಲವನ್ನು ಇವತ್ತು ಕೇಳುವುದೂ ಕಷ್ಟ. ಆದರೆ ಅವನ್ನು ಬರೆದವರು ಯಾರು? ಚಿತ್ರೀಕರಿಸಿದವರು, ಹಣ ಹಾಕಿದವರು, ಶಿಳ್ಳೆ ಹೊಡೆದವರು ಯಾರು? ಬಹುಪಾಲು ಗಂಡಸರು. ಸಂಭಾಷಣೆ ಬರೆದವರ ಹೆಸರು ಯಾರಿಗೂ ನೆನಪಿಲ್ಲ. ಎದುರಿಗೆ ನಿಂತು ಅದೇ ದ್ವಂದ್ವಾರ್ಥಕ್ಕೆ ಉತ್ತರ ಕೊಟ್ಟ ನಟ ‘ಹಾಸ್ಯ ಕಲಾವಿದ’ ಎಂದೇ ನೆನಪಾಗುತ್ತಾನೆ. ಕೊಳೆ ಅಂಟಿದ್ದು ಹೆಂಗಸಿಗೆ ಮಾತ್ರ. ಹತ್ತು ಜನ ಸೇರಿ ಬೇಯಿಸಿದ ಅಡುಗೆ ಸೀದರೆ ಬಡಿಸಿದವಳನ್ನು ಬೈಯುವ ನ್ಯಾಯ ಇದು.

‘ಅಂಥ ಪಾತ್ರಗಳನ್ನು ಅವರು ಒಪ್ಪಿಕೊಳ್ಳಬಾರದಿತ್ತು’ ಎನ್ನುವ ಸಭ್ಯರೂ ಇದ್ದಾರೆ. ನಮ್ಮ ಹವ್ಯಾಸಿ ರಂಗಭೂಮಿ ಯಾರ ಸಂಬಳದ ಮೇಲೆ ನಿಂತಿತ್ತು ಎಂಬುದನ್ನು ಇವರು ಯೋಚಿಸಿದ್ದಾರೆಯೆ? ಬ್ಯಾಂಕು, ಸರ್ಕಾರಿ ಕಚೇರಿ, ಕಾರ್ಖಾನೆ, ಕಾಲೇಜುಗಳಲ್ಲಿ ಕೆಲಸವಿದ್ದವರು ಸಂಜೆ ರಿಹರ್ಸಲ್‌ಗೆ ಬರುತ್ತಿದ್ದರು. ಅವರಿಗೆ ನಾಟಕ ಬದುಕಿನ ಅರ್ಥ, ಆದರೆ ಬದುಕಿನ ಖರ್ಚಿಗೆ ತಿಂಗಳ ಸಂಬಳ ಬೇರೆ ಇತ್ತು. ಅಂಥ ನೌಕರಿಯಿಲ್ಲದ, ನಟನೆಯಿಂದಲೇ ಮನೆ ನಡೆಸಬೇಕಾದ ಹೆಂಗಸಿಗೆ ರಂಗಭೂಮಿ ಚಪ್ಪಾಳೆ ಕೊಟ್ಟಿತು, ಅಕ್ಕಿ ಕೊಡಲಿಲ್ಲ. ಅಕ್ಕಿ ಕೊಟ್ಟದ್ದು ಗಾಂಧಿನಗರ. ಪಾತ್ರ ನಿರಾಕರಿಸುವ ಸ್ವಾತಂತ್ರ್ಯ ಎಂಬುದು ಬೇರೆ ಆದಾಯವಿದ್ದವರ ಸವಲತ್ತು. ಆ ಸವಲತ್ತಿನಲ್ಲಿ ಕೂತು ಇನ್ನೊಬ್ಬರ ಆಯ್ಕೆಯನ್ನು ತೂಗುವುದು ವಿಮರ್ಶೆಯಲ್ಲ.

ಗಾಂಧಿನಗರದ ಕಲ್ಪನಾಶಕ್ತಿ ಎಷ್ಟಿತ್ತು ಎಂಬುದಕ್ಕೆ 1995ರ ‘ಪುಟ್ನಂಜ’ ಸಾಕು. ಅದರಲ್ಲಿ ರವಿಚಂದ್ರನ್ ನಾಯಕ, ಉಮಾಶ್ರೀ ಅವರ ಅಜ್ಜಿ ಪುಟ್ಮಲ್ಲಿ. ರವಿಚಂದ್ರನ್ ಹುಟ್ಟಿದ್ದು 1961ರಲ್ಲಿ. ಮೊಮ್ಮಗನಿಗಿಂತ ಅಜ್ಜಿ ನಾಲ್ಕೇ ವರ್ಷ ದೊಡ್ಡವರು! ಉಮಾಶ್ರೀ ಆ ಅಜ್ಜಿಯನ್ನು ಜನ ಮರೆಯದಂತೆ ಮಾಡಿದರು, ಅದು ಅವರ ಶಕ್ತಿ. ಆದರೆ ಮೂವತ್ತೆಂಟರ ನಟಿಗೆ ಮೂವತ್ತೆಂಟರ ಹೆಂಗಸಿನ ಪಾತ್ರ ಬರೆಯಲು ನಮ್ಮವರಿಗೆ ಬರಲಿಲ್ಲ ಎಂಬುದೂ ಅಷ್ಟೇ ನಿಜ. ಬೆಳ್ಳಗೆ, ತೆಳ್ಳಗೆ ಇಲ್ಲದ ಹೆಂಗಸು ತೆರೆಯ ಮೇಲೆ ನಗಿಸಬೇಕು, ಇಲ್ಲವೇ ಮುದುಕಿಯಾಗಬೇಕು. ಅವಳಿಗೂ ಒಂದು ಆಸೆ, ಒಂದು ಒಂಟಿತನ ಇರಬಹುದು ಎಂದು ತೋರಿಸಲು ಕರಾವಳಿಯ ಸೂಲಗಿತ್ತಿ ಗುಲಾಬಿ ಬರಬೇಕಾಯಿತು.

ಕಾಸರವಳ್ಳಿಯವರ ಹೆಚ್ಚುಗಾರಿಕೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಅವರು ಉಮಾಶ್ರೀಯವರನ್ನು ಸೃಷ್ಟಿಸಲಿಲ್ಲ, ಕಂಡರು. 2010ರ ‘ಕನಸೆಂಬೊ ಕುದುರೆಯನೇರಿ’ಯಲ್ಲಿ ರುದ್ರಿಯಾಗಿ ಉಮಾಶ್ರೀ, ಗೋರಿ ತೋಡುವ ಈರ್ಯನಾಗಿ ವೈಜನಾಥ ಬಿರಾದಾರ ನಟಿಸಿದರು. ಬಿರಾದಾರರನ್ನೂ ಚಿತ್ರರಂಗ ಕುಡುಕ, ಭಿಕ್ಷುಕ ಎಂದು ನಗುವ ಸರಕಾಗಿಯೇ ಬಳಸುತ್ತಿತ್ತು. ಈರ್ಯನ ಪಾತ್ರಕ್ಕೆ ಅವರಿಗೆ ಮ್ಯಾಡ್ರಿಡ್‌ನ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಆಗ ನಾವು ಮತ್ತೆ ಅಚ್ಚರಿಪಟ್ಟೆವು! ಒಂದು ಸಲ ಅಚ್ಚರಿಪಟ್ಟರೆ ಮುಗ್ಧತೆ ಎನ್ನಬಹುದು. ಮತ್ತೆ ಮತ್ತೆ ಅಚ್ಚರಿಪಡುವುದು ಸೋಮಾರಿತನ.

ನನ್ನ ಮುಖ್ಯ ತಕರಾರು ವಿಮರ್ಶಕರ ಮೇಲೆ, ಅಂದರೆ ನಮ್ಮ ಮೇಲೆ. ಹಾಸ್ಯದ ಅಭಿನಯವನ್ನು ನಾವು ಅಭಿನಯವೆಂದು ಓದುವುದನ್ನೇ ಕಲಿತಿಲ್ಲ. ಎದುರಿನವರ ಮಾತು ಮುಗಿಯುವುದಕ್ಕೆ ಅರೆಕ್ಷಣ ಮೊದಲೇ ಹುಬ್ಬು ಏರಿಸುವುದು, ಒಂದೇ ಪದವನ್ನು ಎಳೆದು ಅದರ ಅರ್ಥ ಬದಲಿಸುವುದು, ಹಳ್ಳಿಯ ನುಡಿಯನ್ನು ಅದರ ಗತ್ತು ಕೆಡದಂತೆ ಆಡುವುದು ಸುಲಭದ ಕೆಲಸವಲ್ಲ. ನಗಿಸುವವರು ಒಂದು ಕ್ಷಣ ತಡವಾದರೂ ಕೆಟ್ಟರು. ಸಿನಿಮಾ ಹುಚ್ಚಿನ ಗುಲಾಬಿಯನ್ನು ಗಮನಿಸಿ: ಮುಖ ಅರಳುವ ಬಗೆ, ದೇಹದ ಆ ಸಂಕೋಚವಿಲ್ಲದ ಸಲಿಗೆ ಎಲ್ಲಿಂದ ಬಂದವು? ಸಾಕವ್ವನಿಂದ ಬಂದಷ್ಟೇ, ನಾವು ಮೂಗು ಮುರಿದ ಆ ಹಾಸ್ಯದ ದೃಶ್ಯಗಳಿಂದಲೂ ಬಂದವು. ಆ 24 ವರ್ಷಗಳನ್ನು ಕತ್ತರಿಸಿ ಎಸೆದರೆ ಗುಲಾಬಿಯೂ ಉಳಿಯುವುದಿಲ್ಲ.

ಇದೆಲ್ಲ ಹಳೆಯ ಕಥೆ ಎನ್ನಬೇಡಿ. 2021ರ ಕೊನೆಯಲ್ಲಿ ‘ಪುಟ್ಟಕ್ಕನ ಮಕ್ಕಳು’ ಶುರುವಾದಾಗ ಉಮಾಶ್ರೀ ಅವರಿಗೆ 64. ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಹೆಂಗಸನ್ನು ಕಥೆಯ ನಡುವೆ ನಿಲ್ಲಿಸಿದ್ದು ನಾವು ಹೀಗಳೆಯುವ ಧಾರಾವಾಹಿ, ನಮ್ಮ ಹೆಮ್ಮೆಯ ಸಿನಿಮಾ ಅಲ್ಲ. ಶಾಸಕಿ, ಸಚಿವೆ ಎಲ್ಲ ಆದಮೇಲೂ ಅವರು ‘ಶರ್ಮಿಷ್ಠೆ’ಯಾಗಿ ಒಬ್ಬರೇ ರಂಗದ ಮೇಲೆ ನಿಂತರು. ನೀನಾಸಂನಿಂದಲೋ ರಂಗಾಯಣದಿಂದಲೋ ಪಳಗಿ ಬರುವ ಹುಡುಗಿಯರಿಗೆ ನಮ್ಮ ಸಿನಿಮಾ ಇವತ್ತಿಗೂ ಏನು ಇಟ್ಟಿದೆ? ನಾಯಕಿಯ ಗೆಳತಿ, ನಾಯಕನ ಅಕ್ಕ, ನಾಲ್ಕು ವರ್ಷ ಕಳೆದರೆ ಅಮ್ಮ.

ಸಿನಿಮಾ, ರಂಗಭೂಮಿಯ ಮೇಲೆ ಪ್ರಬಂಧ ಬರೆಯಲು ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ. ಗುಲಾಬಿಯ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಆ 24 ವರ್ಷದ ಸಿನಿಮಾಗಳನ್ನು ಒಂದೊಂದಾಗಿ ನೋಡಿ. ಸಂಭಾಷಣೆ ಬರೆದವರ ಹೆಸರನ್ನೂ ಗುರುತು ಹಾಕಿಕೊಳ್ಳಿ. ಕೆಟ್ಟ ಮಾತನ್ನು ಕೆಟ್ಟದ್ದೆಂದೇ ಬರೆಯಿರಿ, ಅದರ ನಡುವೆಯೂ ನಟಿ ಏನು ಮಾಡಿದರು ಎಂಬುದನ್ನೂ ಬರೆಯಿರಿ. ಉಮಾಶ್ರೀ ಯಾವಾಗ ನಟಿಯಾದರು ಎಂಬ ಪ್ರಶ್ನೆಗೆ ಉತ್ತರ ಸಾಕವ್ವನಲ್ಲಿ ಎಂದೋ ಸಿಕ್ಕಿದೆ. ನಾವು ಯಾವಾಗ ನೋಡುಗರಾಗುತ್ತೇವೆ ಎಂಬುದಷ್ಟೇ ಬಾಕಿ.