ಥಟ್ ಅಂತ ಕೇಳಲು ಬರುವುದಿಲ್ಲವೇ?

ಕನ್ನಡದ ಯುವಕರೇ,

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಪೇಟೆಗಳಲ್ಲಿ ಬಾಡಿಗೆ ಕೋಣೆ ಹಿಡಿದು ಸರ್ಕಾರಿ ಹುದ್ದೆಗೆ ಓದುತ್ತಿರುವವರೇ, ಈ ಮಾತು ನಿಮಗೇ. ಡಾ. ನಾ. ಸೋಮೇಶ್ವರರ ಹೆಸರು ಕೇಳಿದ್ದೀರಷ್ಟೆ? ಕೇಳಿರದಿದ್ದರೆ ನಿಮ್ಮ ಅವ್ವನನ್ನು ಕೇಳಿ, ಹೇಳುತ್ತಾಳೆ.

ಬೆಂಗಳೂರಿನ ಈ ಮನುಷ್ಯ ವೈದ್ಯರು. ಆರೋಗ್ಯದ ವಿಷಯವನ್ನು ಕನ್ನಡದಲ್ಲಿ ಬರೆದವರು. 2002ರ ಜನವರಿಯಲ್ಲಿ ದೂರದರ್ಶನ ಚಂದನದಲ್ಲಿ 'ಥಟ್ ಅಂತ ಹೇಳಿ' ಶುರುವಾದಾಗ ಗಾಳಿ ಯಾವ ಕಡೆ ಬೀಸುತ್ತಿತ್ತು? 2000ದಿಂದ ಅಮಿತಾಭ್ ಬಚ್ಚನ್ ಹಿಂದಿಯಲ್ಲಿ ಕೋಟಿ ತೋರಿಸುತ್ತಿದ್ದರು. ಜಾಣತನವೆಂದರೆ ಹಿಂದಿ, ಇಲ್ಲವೇ ಇಂಗ್ಲಿಷ್ ಎಂದು ನಮ್ಮವರೇ ತಲೆದೂಗುತ್ತಿದ್ದ ಕಾಲ! ಸೋಮೇಶ್ವರರು ತೋರಿಸಿದ್ದೇನು? ಸರಿ ಉತ್ತರಕ್ಕೊಂದು ಪುಸ್ತಕ. ಅಷ್ಟೇ. ಆ ಪುಸ್ತಕದ ಮೇಲೆಯೇ ಕಾರ್ಯಕ್ರಮ ಮೂರು ಸಾವಿರ ಕಂತು ದಾಟಿತು. 2012ರಲ್ಲಿ ಪುನೀತ್ ರಾಜ್‌ಕುಮಾರ್ 'ಕನ್ನಡದ ಕೋಟ್ಯಧಿಪತಿ' ನಡೆಸಿದರು, ಅದೂ ನಮ್ಮ ಹೆಮ್ಮೆಯೇ. ಆದರೆ ಅದಕ್ಕಿಂತ ಹತ್ತು ವರ್ಷ ಮೊದಲೇ ಈ ವೈದ್ಯರು ವಿಜ್ಞಾನ, ಇತಿಹಾಸ, ಸಾಹಿತ್ಯ ಎಲ್ಲವನ್ನೂ ಕನ್ನಡದಲ್ಲೇ ಕೇಳಬಹುದೆಂದು ತೋರಿಸಿಬಿಟ್ಟಿದ್ದರು.

ಇದರಲ್ಲಿ ಒಂದು ಗುಟ್ಟಿದೆ. ಉತ್ತರ ಥಟ್ ಅಂತ ಬರಬೇಕಾದರೆ ಪ್ರಶ್ನೆ ಥಟ್ ಅಂತ ತಿಳಿಯಬೇಕು. ವಾಕ್ಯ ತೊಡರಿದರೆ ಸ್ಪರ್ಧಿ ಪ್ರಶ್ನೆಯಲ್ಲೇ ಮುಗ್ಗರಿಸುತ್ತಾನೆ.

ಈಗ ನಮ್ಮ ಲೋಕಸೇವಾ ಆಯೋಗದ ಕಡೆ ನೋಡಿ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ. ಕನ್ನಡ ಪ್ರಶ್ನೆಗಳೋ, ಇಂಗ್ಲಿಷಿನಿಂದ ಎಳೆದು ತಂದ ಹೆಣಗಳು! ಕನ್ನಡ ಅರ್ಥವಾಗಲು ಪಕ್ಕದ ಇಂಗ್ಲಿಷ್ ಓದಬೇಕು. ಹುಡುಗರು ಬೀದಿಗಿಳಿದರು, ಕನ್ನಡ ಸಂಘಟನೆಗಳು ಗುಡುಗಿದವು, ಮುಖ್ಯಮಂತ್ರಿಗಳು ಮರುಪರೀಕ್ಷೆಗೆ ಹೇಳಿದರು. ಡಿಸೆಂಬರ್ 29ರಂದು ಅದೂ ಆಯಿತು. ಮತ್ತೆ ತಪ್ಪು! ಲಗ್ನಪತ್ರಿಕೆಯಲ್ಲಿ ಒಂದಕ್ಷರ ತಪ್ಪಿದರೆ ಗಿರಾಕಿ ಅಚ್ಚಿನ ಮನೆಗೆ ಬಂದು ಕಾಗದ ಮುಖಕ್ಕೆ ಎಸೆಯುತ್ತಾನೆ, ದುಡ್ಡೂ ಕೊಡುವುದಿಲ್ಲ. ಇವರಿಗೆ ಸಂಬಳ ನಿಂತೀತೇ?

ಪೆಟ್ಟು ಬೀಳುವುದು ಯಾರಿಗೆ? ಕಾನ್ವೆಂಟಿನವನಿಗಲ್ಲ. ಕನ್ನಡ ಶಾಲೆಯಲ್ಲಿ ಕಲಿತ ನಿನಗೆ, ಸಿಂದಗಿಯ ನಿನ್ನ ತಂಗಿಗೆ. ವಚನಗಳನ್ನು ಅಚ್ಚು ಹಾಕಿಸಲು ಫ.ಗು. ಹಳಕಟ್ಟಿಯವರು ಮನೆ ಮಾರಿದ ಜಿಲ್ಲೆಯವರು ನಾವು. ನಮ್ಮ ಮಕ್ಕಳಿಗೆ ಕನ್ನಡ ಪ್ರಶ್ನೆ ಓದಲು ಇಂಗ್ಲಿಷ್ ಬೇಕೇ? ದೆಹಲಿಯವರೇ 2024ರಲ್ಲಿ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯನ್ನು ಕನ್ನಡ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಿದರು. ಬೆಂಗಳೂರಿನಲ್ಲಿ ಕೂತವರಿಗೆ ಏನು ಧಾಡಿ?

ಬೇಡಿಕೆ ಇಷ್ಟೇ. ಪ್ರಶ್ನೆ ಮೊದಲು ಕನ್ನಡದಲ್ಲಿ ಹುಟ್ಟಲಿ, ಆಮೇಲೆ ಇಂಗ್ಲಿಷಿಗೆ ಹೋಗಲಿ. ಕರಡು ತಿದ್ದಲು ಕನ್ನಡ ಬಲ್ಲ ವೈದ್ಯರು, ಮೇಷ್ಟ್ರುಗಳು, ಇಂಜಿನಿಯರುಗಳು ಕೂಡಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ವಿಧಾನಸಭಾ ಕ್ಷೇತ್ರಗಳು. ನಾಲ್ವರು ಶಾಸಕರ ಮನೆ ಬಾಗಿಲೂ ನಿಮಗೆ ಗೊತ್ತು. ಆ ಎರಡು ಪ್ರಶ್ನೆಪತ್ರಿಕೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಅವರ ಮುಂದಿಟ್ಟು, ಕನ್ನಡ ಭಾಗವನ್ನಷ್ಟೇ ಗಟ್ಟಿಯಾಗಿ ಓದಿ ಅರ್ಥ ಹೇಳಿ ಎನ್ನಿ. ಥಟ್ ಅಂತ!